ಲೌಂಜ್ ವಿಚಾರಿಸಲು ಬಂದವನು

ವಿಮಾನ ಹತ್ತುವ ಮುಂಚೆ ಮೂರು ಗಂಟೆ ಕೂರುವುದಕ್ಕೆ ಮೊದಲನೇ ಲೌಂಜಿನಲ್ಲಿ ಸಾವಿರದ ಎಂಟುನೂರು ರೂಪಾಯಿ. ಎರಡನೆಯದರಲ್ಲಿ ಎರಡು ಸಾವಿರದ ಆರುನೂರೈವತ್ತು, ಅಲ್ಲಿ ಸ್ನಾನಕ್ಕೆ ಬಿಸಿನೀರು ಇದೆ. ಮೂರನೆಯದು ಐದು ಸಾವಿರದ ಇನ್ನೂರು, ಅಲ್ಲಿ ಕುರ್ಚಿಯೇ ಬೆನ್ನು ಒತ್ತುತ್ತದೆ. ಕುಣಿಗಲ್‌ನಿಂದ ತುಮಕೂರಿಗೆ ಬಸ್ಸಿನಲ್ಲಿ ಒಂದು ಗಂಟೆ ಕೂರುವುದಕ್ಕೆ ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ, ಊರಿಗೂ ತಲುಪಿಸುತ್ತಾರೆ.

ಈ ಲೆಕ್ಕವನ್ನೆಲ್ಲ ಅಂಬ್ರೀನ್ ಒಂದು ಹಾಳೆಯಲ್ಲಿ ಬರೆದು, ಮೇಜಿನ ಆಚೆ ಕೂತಿದ್ದ ಕುಣಿಗಲ್‌ನ ಗಿರಾಕಿ ಅಫ್ರೋಜ್ ಕಡೆಗೆ ತಳ್ಳಿದಳು.

ತುಮಕೂರಿನ ಈ ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡುವ ಕೆಲಸಕ್ಕೆ ಸೇರಿ ಅವಳಿಗೆ ಒಂಬತ್ತು ವರ್ಷ. ಟಿಕೆಟ್ ಕೇಳುವವರಿಗೆ ಎಲ್ಲಿಗೋ ಹೋಗುವುದಿರುತ್ತದೆ, ಲೌಂಜ್ ಕೇಳುವವರಿಗೆ ಹೋಗಿದ್ದನ್ನು ನಾಲ್ಕು ಜನಕ್ಕೆ ತೋರಿಸುವುದಿರುತ್ತದೆ ಎಂದು ಅವಳು ಮೊದಲ ವರ್ಷವೇ ಕಲಿತಿದ್ದಳು.

"ಇದ್ರಲ್ಲಿ ಯಾವ್ದು ಒಳ್ಳೇದು ಮೇಡಂ?"

"ಜರ್ಮನಿಗೆ ಒಂಬತ್ತೂವರೆ ಗಂಟೆ ಕೂತ್ಕೊಂಡೇ ಹೋಗ್ತೀರ. ಅದಕ್ ಮುಂಚೆ ಕೂರೋದನ್ನ ಪ್ರಾಕ್ಟೀಸ್ ಮಾಡ್ಬೇಕಾ?"

ಮಾಲೀಕರು ಗೋವಿಂದರಾಜು ಪೇಪರಿನ ಹಿಂದೆ ಕೆಮ್ಮಿದರು. ಅಫ್ರೋಜ್ ಮಾತ್ರ ಬೇಸರಪಟ್ಟುಕೊಳ್ಳದೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. "ನಾಳೆ ಬಂದ್ ಹೇಳ್ತೀನಿ."

ಅದು ಸೋಮವಾರ.

ಮಂಗಳವಾರ ಬಂದು ಎರಡನೇ ಲೌಂಜಿನಲ್ಲಿ ಮುದ್ದೆ ಸಿಗುತ್ತಾ ಎಂದು ಕೇಳಿದ. ಬುಧವಾರ ಅಲ್ಲಿನ ಬಿಸಿನೀರು ಗೀಸರಿನದಾ, ಸೋಲಾರಿನದಾ ಎಂದ. ಮೂವತ್ತೈದರ ಗಂಡಸು, ಒಗೆದ ಶರ್ಟು, ತೀಡಿದ ಗಡ್ಡ. ಹುಬ್ಬಿನ ಮೇಲೆ ಮಾತ್ರ ಯಾವಾಗಲೂ ಬಿಳಿ ಎಳೆಯೊಂದು ಅಂಟಿಕೊಂಡಿರುತ್ತಿತ್ತು. ಅವಳು ತಲೆ ಎತ್ತಿದರೆ ಹಾಳೆ ನೋಡುತ್ತಿದ್ದ. ಅವಳು ಕೀಬೋರ್ಡಿನ ಕಡೆ ತಿರುಗಿದರೆ, ಕಂಪ್ಯೂಟರ್ ಪರದೆಯ ಕಪ್ಪು ಅಂಚಿನಲ್ಲಿ ಅವನ ಕಣ್ಣು ಕಾಣುತ್ತಿತ್ತು.

ಗುರುವಾರ ಕೇಳಿದ, "ಮೂರನೇದ್ರಲ್ಲಿ ದಿಂಬು ಕೊಡ್ತಾರಂತಲ್ಲ. ಒಳಗ್ ಏನ್ ತುಂಬಿರ್ತಾರೆ?"

ಅಂಬ್ರೀನ್ ಲೌಂಜಿನವರಿಗೆ ಫೋನ್ ಮಾಡಿದಳು. ಅವರು ಮೂರು ಜನಕ್ಕೆ ಲೈನ್ ದಾಟಿಸಿ ಉತ್ತರ ಕೊಟ್ಟರು.

"ಫೈಬರ್ ಅಂತೆ."

ಅಫ್ರೋಜ್ ಮುಖ ಹುಳಿ ತಿಂದವನ ಹಾಗಾಯಿತು. "ಐದ್ ಸಾವ್ರ ಈಸ್ಕೊಂಡು ಫೈಬರ್ ಮೇಲೆ ಮಲಗಿಸ್ತಾರಾ? ನಾಚ್ಕೆ ಆಗಲ್ವಾ ಅವ್ರಿಗೆ?"

ಅಂಬ್ರೀನ್‌ಗೆ ನಗು ಬಂತು. ದುಪಟ್ಟಾ ಸರಿಮಾಡಿಕೊಳ್ಳುವ ನೆಪದಲ್ಲಿ ಅದನ್ನು ಮರೆಮಾಡಿದಳು. ಲೌಂಜಿನ ಬಗ್ಗೆ ತನ್ನಷ್ಟೇ ತಿರಸ್ಕಾರವಿರುವ ಇನ್ನೊಬ್ಬ ಮನುಷ್ಯನನ್ನು ಅವಳು ಆ ಕುರ್ಚಿಯಲ್ಲಿ ಕಂಡಿರಲಿಲ್ಲ. ಶುಕ್ರವಾರ ಅವನು ಬರುವ ಹೊತ್ತಿಗೆ ಮೇಜು ಒರೆಸಿಟ್ಟಿದ್ದಳು. ಅವನು ಲೌಂಜಿನೊಳಗೆ ಹೋಗಲು ಶೂ ಬಿಚ್ಚಬೇಕಾ ಎಂದು ಕೇಳಿ ಹೋದ.

ಆ ಸಂಜೆ ಮನೆಯಲ್ಲಿ ಸಲೀಮಾ ಖಾಲಾ ಚಹಾ ಸೋಸುತ್ತಾ ವಿಷಯ ತೆಗೆದರು. ತಾಯಿ ತೀರಿಕೊಂಡ ಮೇಲೆ ಅಂಬ್ರೀನ್‌ಳನ್ನು ಸಾಕಿದ್ದು ಈ ಚಿಕ್ಕಮ್ಮನೇ.

"ಕುಣಿಗಲ್‌ನಿಂದ ರಿಷ್ತಾ ಬಂದಿದೆ ಕಣೇ. ಹಾಸಿಗೆ ಅಂಗಡಿ. ಹುಡುಗ ಜರ್ಮನಿಗೆ ಹತ್ತಿ ಹಿಂಜೋ ಮೆಷಿನ್ ನೋಡೋಕ್ ಹೋಗ್ತಾನಂತೆ, ಬರೋ ಬುಧವಾರ. ಭಾನುವಾರ ಸಂಜೆ ಒಳಗೆ ಉತ್ತರ ಹೇಳಿ ಅಂದವ್ರೆ."

ಅಂಬ್ರೀನ್ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲೇ ಕರಗಿ ಬಿತ್ತು. "ನನ್ನ ನೋಡೋದು ಯಾವಾಗ?"

"ನೋಡಿ ಆಯ್ತಂತೆ. ಗಿರಾಕಿ ಥರ ನಿಮ್ ಆಫೀಸಿಗೇ ಬಂದಿದ್ನಂತೆ."

ಹುಡುಗಿ ಅಂಗಡಿಯಲ್ಲೋ ಆಫೀಸಿನಲ್ಲೋ ಕೂರುವವಳಾದರೆ ಹುಡುಗ ಗಿರಾಕಿಯಾಗಿ ಬರುತ್ತಾನೆ, ಏನೋ ಒಂದು ಕೇಳುತ್ತಾನೆ, ನೋಡುತ್ತಾನೆ, ಹೋಗುತ್ತಾನೆ. ಬಳೆ ಅಂಗಡಿಯಲ್ಲಿ ಕೂರುತ್ತಿದ್ದ ಸಲೀಮಾ ಖಾಲಾರನ್ನೂ ಹಾಗೇ ನೋಡಿದ್ದು. ಅವರ ಗಂಡ ಯಾರಿಗೆಂದು ತಿಳಿಯದೆ ಒಂದು ಡಜನ್ ಬಳೆ ಕೊಂಡುಹೋಗಿದ್ದರು. ಅಂಬ್ರೀನ್ ಪಾಲಿಗೆ ಬಂದ ಮೊದಲನೆಯವನು ಮುಂಬೈ ರೈಲು ವಿಚಾರಿಸಿ, ಹುಡುಗಿ ಕಪ್ಪು ಎಂದು ಹೇಳಿಕಳಿಸಿದ್ದ. ಎರಡನೆಯವನು ವೀಸಾ ವಿಚಾರಿಸಿ, ಮಾತು ಜಾಸ್ತಿ ಎಂದಿದ್ದ. ಇಬ್ಬರೂ ಟಿಕೆಟ್ ಕೊಂಡಿರಲಿಲ್ಲ.

"ಬೇಡ ಅಂತ ಹೇಳಿ ಖಾಲಾ."

"ಹುಡುಗನ ಕಡೆಯವ್ರು ಒಪ್ಪಿದಾರೆ ಕಣೇ."

"ನನ್ನ ಯಾರ್ ಕೇಳಿದ್ರು?"

ಖಾಲಾ ಅವಳ ಮುಖ ನೋಡಿದರು. "ಭಾನುವಾರದ ತನ್ಕ ಟೈಮ್ ಇದೆ. ಬೇಡ ಅನ್ನೋಕ್ ಐದ್ ನಿಮಿಷ ಸಾಕು."

ಶನಿವಾರ ಅಫ್ರೋಜ್ ಬಂದು ಕೂರುವ ಮೊದಲೇ ಅಂಬ್ರೀನ್ ಹೇಳಿದಳು, "ಹೆಣ್ಣು ನೋಡೋದು ಮುಗೀತಾ? ಇಲ್ಲಾ, ಇನ್ನೂ ಲೌಂಜ್ ಬಾಕಿ ಇದ್ಯಾ?"

ಅವನ ಕೈ ಕುರ್ಚಿಯ ಮೇಲೇ ನಿಂತಿತು. ಗೋವಿಂದರಾಜು ಪೇಪರ್ ಮಡಚಿ, ಕಾಫಿಗೆಂದು ಎದ್ದು ಹೋದರು.

"ನಮ್ಮಲ್ಲಿ ಹಂಗೇ ಅಲ್ವಾ ಮೇಡಂ, ಬಂದ್ ನೋಡ್ಕೊಂಡ್ ಹೋಗೋದು."

"ಒಂದ್ ಸಲ ನೋಡ್ತಾರೆ. ಸಂತೇಲಿ ಎತ್ತು ಕೊಳ್ಳೋನೂ ಆರ್ ದಿನ ಹಲ್ಲು ನೋಡಲ್ಲ."

"ಸೋಮವಾರವೇ ಮನೇಲಿ ಒಪ್ಪಿಗೆ ಅಂದ್ಬಿಟ್ಟೆ."

"ಮತ್ತೆ ಮಿಕ್ಕಿದ್ದು?"

"ಮಿಕ್ಕಿದ್ದು ನೋಡೋಕಲ್ಲ. ನೀವ್ ಬೈಯೋದ್ ಕೇಳೋಕೆ ಬರ್ತಿದ್ದೆ. ಬೇರೆ ಕಾರಣ ಸಿಗ್ಲಿಲ್ಲ, ಲೌಂಜ್ ಹಿಡ್ಕೊಂಡೆ. ನಂಗೆ ಲೌಂಜ್ ಅಂದ್ರೆ ಏನೂಂತಾನೂ ಗೊತ್ತಿರ್ಲಿಲ್ಲ."

ಮಾತು ಚೆನ್ನಾಗಿತ್ತು. ಚೆನ್ನಾಗಿದೆ ಎಂಬ ಕಾರಣಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಐದು ದಿನ ಅವನಿಗೆ ಎಲ್ಲ ಗೊತ್ತಿತ್ತು, ತನಗೆ ಏನೂ ಗೊತ್ತಿರಲಿಲ್ಲ. ಮೇಜು ಬೇರೆ ಒರೆಸಿಟ್ಟಿದ್ದಳು.

"ನಾಳೆ ನಿಮ್ ಅಂಗಡಿ ತೆಗ್ದಿರುತ್ತಾ?"

"ತೆಗ್ದಿರುತ್ತೆ."

"ಹಂಗಾದ್ರೆ ಹೋಗಿ. ನಂಗೆ ಕೆಲಸ ಇದೆ."

ಭಾನುವಾರ ಬೆಳಗ್ಗೆ ಅಂಬ್ರೀನ್ ಖಾಲಾರನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅಫ್ರೋಜ್ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಎದುರಿಗೆ ಕೊತ್ತಗೆರೆಯ ಸುಬ್ಬಲಕ್ಷ್ಮಮ್ಮ ಎಂಬ ವಯಸ್ಸಾದ ಹೆಂಗಸು ಹಳೇ ಹಾಸಿಗೆಯೊಂದನ್ನು ಆಟೋದಿಂದ ಇಳಿಸಿಕೊಂಡು ನಿಂತಿದ್ದರು.

"ಇದನ್ ಎಸ್ದು ಹೊಸಾ ಫೋಮಿಂದು ಕೊಡಪ್ಪ. ಅಳಿಯ ಬತ್ತಾನೆ."

ಅಫ್ರೋಜ್ ಹಾಸಿಗೆಯ ಮೂಲೆ ಬಿಚ್ಚಿ, ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿದ. "ಇದು ಬೂರುಗದ ಹತ್ತಿ ಅಜ್ಜಿ. ಹಿಂಜಿ ಹೊಸ ಬಟ್ಟೆ ಹಾಕ್ಕೊಡ್ತೀನಿ. ಫೋಮ್ ಮೇಲೆ ಮಲಗಿದ್ರೆ ನಿಮ್ ಅಳಿಯಂಗೆ ಬೆನ್ನು ಬೆವರುತ್ತೆ."

"ಬೆವರ್ಲಿ ಬುಡು, ಒಳ್ಳೇದೇ ಆಯ್ತದೆ," ಎಂದರು ಅಜ್ಜಿ. ಆದರೂ ಹಳೆಯದನ್ನೇ ಬಿಟ್ಟುಹೋದರು.

ಆರು ಸಾವಿರದ ವ್ಯಾಪಾರ ಎಂಟುನೂರಕ್ಕೆ ಇಳಿದದ್ದನ್ನು ಬಾಗಿಲಲ್ಲಿ ನಿಂತ ಅಂಬ್ರೀನ್ ನೋಡಿದಳು. ಅಫ್ರೋಜ್ ತಿರುಗಿದವನೇ ಮೂಗಿನ ಬಟ್ಟೆ ಕೆಳಗೆ ಎಳೆದ.

"ದಿಂಬು ತೋರ್ಸಿ," ಎಂದಳು ಅಂಬ್ರೀನ್.

ಅವನು ಸ್ಟೂಲು ಒರೆಸಿ ಹಾಕಿದ, ನೀರು ತಂದಿಟ್ಟ, ದಿಂಬು ಸಾಲಾಗಿ ಜೋಡಿಸಿದ. ಅವಳು ದಿಂಬು ಮುಟ್ಟಲಿಲ್ಲ. ಅವನನ್ನೇ ನೋಡಿದಳು, ಹುಬ್ಬಿನಿಂದ ಚಪ್ಪಲಿಯವರೆಗೆ, ಸಾವಕಾಶವಾಗಿ. ಖಾಲಾ ಮೂಲೆಯ ಹಾಸಿಗೆಯೊಂದನ್ನು ಪರೀಕ್ಷಿಸಲು ಕೂತು, ಹಾಗೇ ಒರಗಿಕೊಂಡರು.

"ನೋಡಿ ಹೋಗಿ ಮನೇಲಿ ಹೇಳ್ತೀನಿ," ಎಂದಳು ಅಂಬ್ರೀನ್. "ಹೆಂಗ್ ಅನ್ಸುತ್ತೆ?"

ಅಫ್ರೋಜ್ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಕಿವಿ ಕೆಂಪಾಗಿತ್ತು. "ಚೆನ್ನಾಗಿಲ್ಲ."

"ಹಂಗೇ ಇರುತ್ತೆ. ನಂಗಿದು ಮೂರನೇ ಸಲ."

"ತಪ್ಪಾಯ್ತು," ಎಂದ ಅವನು. ಮೇಡಂ ಎಂದೂ ಸೇರಿಸಲಿಲ್ಲ, ನೆಪವನ್ನೂ ಹೇಳಲಿಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದ, "ನಿಮ್ ಕೆಲಸ ಬಿಡೋದ್ ಬೇಡ. ಇಲ್ಲಿಂದ ಏಳೂಮುಕ್ಕಾಲರ ಬಸ್ಸಲ್ಲಿ ಸೀಟ್ ಸಿಗುತ್ತೆ. ಎಂಟೂಕಾಲಿಂದು ಬೇಡ, ತುಮಕೂರು ತನ್ಕ ನಿಂತ್ಕೊಂಡೇ. ವಾಪಸ್ ಬರೋಕೆ ಆರಕ್ಕಿದೆ."

"ಬಸ್ ನೋಡೋಕ್ ಬರ್ತಿದ್ರಾ ಆರ್ ದಿನ?"

"ನಿಮ್ ಹತ್ರ ಬರ್ತಿದ್ದೆ. ದಾರೀಲಿ ಅದನ್ನೂ ನೋಡ್ಕೊಂಡೆ."

ಅಂಬ್ರೀನ್ ಮೊದಲ ಸಲ ಒಂದು ದಿಂಬನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಕೆಲಸ ಬಿಡಬೇಕಾಗುತ್ತದೆ ಎಂದು ಹಿಂದಿನ ಇಬ್ಬರ ಮನೆಯವರೂ ಮೊದಲ ಮಾತಿಗೇ ಹೇಳಿದ್ದರು. ಈ ಮನುಷ್ಯ ಬಸ್ಸಿನ ಸೀಟು ಎಣಿಸಿಕೊಂಡು ಬಂದಿದ್ದಾನೆ.

"ಉತ್ತರ ಸಂಜೆ ಖಾಲಾ ಹೇಳೋದಲ್ಲ," ಎಂದಳು. "ಈಗ ನಾನೇ ಹೇಳ್ತೀನಿ. ನಂಗೆ ಒಪ್ಪಿಗೆ."

ಅಫ್ರೋಜ್ ಉತ್ತರ ಕೊಡಲು ಬಾಯಿ ತೆರೆದ. ಹತ್ತಿಯ ಧೂಳಿಗೆ ಸೀನು ಬಂತು, ಒಂದಲ್ಲ, ನಾಲ್ಕು. ಅಷ್ಟು ಹೊತ್ತೂ ಅವಳು ಅವನನ್ನು ನೋಡುತ್ತಲೇ ಇದ್ದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

ಮೂಲೆಯಿಂದ ಖಾಲಾ ಕಣ್ಣು ತೆರೆಯದೆ ಕೇಳಿದರು, "ಈ ಹಾಸಿಗೆ ಎಷ್ಟಪ್ಪಾ?"

ಬುಧವಾರ ಅಫ್ರೋಜ್ ಯಾವ ಲೌಂಜಿಗೂ ದುಡ್ಡು ಕೊಡಲಿಲ್ಲ. ವಿಮಾನ ನಿಲ್ದಾಣದಲ್ಲಿ ಗೇಟಿನ ಹತ್ತಿರದ ಕುರ್ಚಿಯಲ್ಲಿ ಮೂರು ಗಂಟೆ ಕೂತು, ಫೋನಿನಲ್ಲಿ ಅಂಬ್ರೀನ್ ಹತ್ತಿರ ಬೈಸಿಕೊಂಡ. ಜರ್ಮನಿಯ ಮೆಷಿನ್ ಬೆಲೆ ಕೇಳಿ ಸುಮ್ಮನೆ ವಾಪಸ್ಸಾದ. ಎರಡು ತಿಂಗಳಿಗೆ ನಿಕಾಹ್ ಆಯಿತು.

ಏಳೂಮುಕ್ಕಾಲರ ಬಸ್ಸಿನಿಂದಾಗಿ ಅವಳಿಗೆ ಬೆಳಗಿನ ಒಂದು ಗಂಟೆ ನಿದ್ದೆ ಹೋಯಿತು. ತಾನೂ ಹೋಗಿ ನೋಡಿ ಒಪ್ಪಿದ ಗಂಡ ಸಿಕ್ಕಿದ.