ಹಳೇ ಕಾರಿನ ತಂಗಾಳಿ

"ಎಂಜಿನ್ ಬಿಚ್ಚು, ಬ್ರೇಕ್ ಬಿಚ್ಚು, ನಾನೇನೂ ಅನ್ನಲ್ಲ. ಈ ಕಾರಿನ ಫ್ಯಾನ್ ಒಂದರ ತಂಟೆಗೆ ಹೋಗ್ಬೇಡ," ಎಂದರು ಮೇಸ್ತ್ರಿ. "ಆಗದವರು ಮಾಟ ಮಾಡ್ಸಿ ಅದರೊಳಗೆ ಇಟ್ಟಿದಾರೆ. ಕಾರಿನ ಯಜಮಾನರ ಸೊಸೆ ಅದರ ಮುಂದಿನ ಸೀಟಲ್ಲೇ ಪ್ರಾಣ ಬಿಟ್ಲು."

ಗ್ಯಾರೇಜಿಗೆ ಹೊಸದಾಗಿ ಸೇರಿದ್ದ ಎಲೆಕ್ಟ್ರಿಷಿಯನ್ ಹಲ್ಲು ಕಿರಿದ. "ಮಾಟಕ್ಕೂ ಹನ್ನೆರಡು ವೋಲ್ಟು ಬೇಕಲ್ಲ ಮೇಸ್ತ್ರಿ!"

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನದೂ ಅದೇ ಕತೆ. ಮೇಸ್ತ್ರಿ ಊಟಕ್ಕೆ ಹೋದದ್ದೇ ತಡ, ಆ ಮುದಿ ಕಾರಿನೊಳಗೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದ. ಅಲ್ಲಿ ಕತ್ತಲೆ. ಕೊಳೆತ ರಬ್ಬರು, ಇಲಿಯ ಉಚ್ಚೆ, ಅದರಾಚೆ ಸುಟ್ಟ ಕೂದಲಿನ ಕಮಟು. ಫ್ಯೂಸ್ ಸರಿಯಿತ್ತು. ಸ್ವಿಚ್ಚೂ ಸರಿಯಿತ್ತು. ಟೆಸ್ಟ್ ಲ್ಯಾಂಪ್ ಹಿಡಿದರೆ ಮೋಟಾರಿನವರೆಗೂ ಕರೆಂಟು ಬರುತ್ತಿತ್ತು. ಹಾಗಾದರೆ ಅರ್ತ್ ಇಲ್ಲ, ಕರೆಂಟು ವಾಪಸ್ ಹೋಗುವ ದಾರಿ ಕಡಿದಿದೆ, ಅಷ್ಟೇ. ತಡಕಾಡಿದ. ಕಪ್ಪು ವೈರನ್ನು ಯಾರೋ ಬೇಕೆಂದೇ ಕತ್ತರಿಸಿ, ತುದಿಗೆ ಉದ್ದನೆಯ ಕೂದಲು ಸುತ್ತಿ, ಮೇಲೆ ಮೇಣ ಮೆತ್ತಿದ್ದರು.

ಅಷ್ಟರಲ್ಲಿ ಹೆಂಡತಿ ಅವನ ಊಟದ ಡಬ್ಬಿ ಹಿಡಿದು ಬಂದಳು. ತುಂಬು ಬಸುರಿ, ಬಿಸಿಲಿಗೆ ಮುಖ ಕಂದಿತ್ತು. ವರ್ಷಗಟ್ಟಲೆ ಕಾದ ಮೇಲೆ ನಿಂತ ಬಸಿರು. ಅವಳನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ.

"ರೀ, ಎಲ್ಲಾದ್ರೂ ಸ್ವಲ್ಪ ಕೂರ್ಲಾ? ಕಾಲು ಸೋತೋಯ್ತು."

"ಬಾ, ಈ ಸೀಟಲ್ಲಿ ರಾಣಿ ಥರ ಕೂತ್ಕೊ. ತಂಗಾಳಿ ಬಿಡ್ತೀನಿ ನೋಡು."

ಚಾಕುವಿನಿಂದ ಮೇಣ ಕೆರೆದ. ಕೂದಲು ಕಿತ್ತೆಸೆದ. ವೈರನ್ನು ಕಾರಿನ ಕಬ್ಬಿಣದ ಮೈಗೆ ಸ್ಕ್ರೂ ಹಾಕಿ ಬಿಗಿದ.

ಫ್ಯಾನ್ ತಿರುಗಿತು. ಮೊದಲು ಧೂಳು, ಆಮೇಲೆ ಗಾಳಿ. ಹಾಳುಬಾವಿಯೊಳಗಿನಿಂದ ಬಂದಂತೆ ತಣ್ಣಗೆ. "ಹೆಂಗೆ?" ಎಂದ ಬೀಗುತ್ತ.

ತಲೆಯೆತ್ತಿ ನೋಡಿದ. ಅವಳು ಸೀಟಿಗೆ ಒರಗಿದ್ದಳು. ಕಣ್ಣು ತೆರೆದೇ ಇತ್ತು, ರೆಪ್ಪೆ ಅಲುಗುತ್ತಿರಲಿಲ್ಲ.

ಸ್ವಿಚ್ ಆರಿಸಿದ. ಫ್ಯಾನ್ ನಿಲ್ಲಲಿಲ್ಲ. ವೈರ್ ಕಿತ್ತ. ನಿಲ್ಲಲಿಲ್ಲ. ಬಾನೆಟ್ ಎತ್ತಿ ಬ್ಯಾಟರಿಯನ್ನೇ ಕಳಚಿ ನೆಲಕ್ಕಿಟ್ಟ. ಒಳಗೆ ಗರ್ರ್ ಎನ್ನುತ್ತಲೇ ಇತ್ತು. ಅಯ್ಯೋ ದೇವರೇ! ಸ್ಕ್ರೂಡ್ರೈವರನ್ನು ರೆಕ್ಕೆಗಳ ನಡುವೆ ತುರುಕಿದ. ಫ್ಯಾನ್ ನಿಂತಿತು. ಅವಳ ಎದೆಯ ಏರಿಳಿತವೂ ನಿಂತಿತು. ಸ್ಕ್ರೂಡ್ರೈವರನ್ನು ಹೊರಗೆಳೆದ. ರೆಕ್ಕೆ ತಿರುಗಿತು. ಎದೆ ಏರಿತು. ಅವಳನ್ನೇ ಹೊರಗೆಳೆಯಲು ನೋಡಿದ. ಗಾಳಿ ತಪ್ಪಿತು. ತುಟಿ ನೀಲಿಯಾಯಿತು. ಅಳುತ್ತ ಮತ್ತೆ ಅಲ್ಲೇ ಕೂರಿಸಿದ.

ಊಟ ಮುಗಿಸಿ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟರು.

"ಏನಾದ್ರೂ ಮಾಡಿ ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನನ್ನ ಕೈಲಿ ಏನಿದೆಯಪ್ಪಾ? ಮಾಟ ಮಾಡಿದವನೂ ಸತ್ತ, ಕೂದಲು ಸುತ್ತಿ ಮೇಣದ ಕಟ್ಟು ಹಾಕಿ ಅದನ್ನ ತಡೆದವನೂ ಸತ್ತ." ಅವರ ದನಿ ಇಳಿಯಿತು. "ಆ ಫ್ಯಾನ್ ತಿರುಗೋವರೆಗೆ ಇವಳು ಇರ್ತಾಳೆ."

ಅವನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗಿಂದ ಮಗು ಒದೆಯಿತು.

ಆಗ ಕೇಳಿಸಿತು. ಕಿರ್ರ್... ಕಿರ್ರ್... ಮೇಸ್ತ್ರಿ ಮುಖ ತಿರುಗಿಸಿಕೊಂಡರು. ಇಬ್ಬರಿಗೂ ಗೊತ್ತಿದ್ದ ಸದ್ದು ಅದು. ಮೋಟಾರಿನ ದಂಡ ತಿರುಗುವ ಬುಷ್ ಎಣ್ಣೆಯಿಲ್ಲದೆ ಒಣಗಿತ್ತು, ಸಂಜೆಯೊಳಗೆ ಬಿಗಿದುಕೊಂಡು ಮೋಟಾರು ತಾನೇ ನಿಲ್ಲುತ್ತದೆ. ಎಣ್ಣೆ ಮುಟ್ಟಿಸಬೇಕಾದರೆ ಮೋಟಾರು ಬಿಚ್ಚಬೇಕು. ಬಿಚ್ಚಬೇಕಾದರೆ ಫ್ಯಾನ್ ನಿಲ್ಲಿಸಬೇಕು.