ಹಿಟ್ಟಿನ ಪಾತ್ರೆಗೆ ಸುತ್ತಿದ ಶಾಲು

ಮನೆ ಬೆಚ್ಚಗಿಡುವ ಫರ್ನೇಸಿನ ಫ್ಯಾನು ಗುಂಯ್ ಎಂದು ತಿರುಗಿತು, ಮತ್ತೆ ನಿಂತಿತು. ಬೆಂಕಿ ಹತ್ತಲೇ ಇಲ್ಲ.

ಅಮೆರಿಕದ ಬೆರ್ರಿಯೆಸಾದ ಆ ಬಾಡಿಗೆ ಮನೆ ಬೆಳಗಿನ ಚಳಿಗೆ ಕೊರೆಯುತ್ತಿತ್ತು. ಗರಾಜಿನಲ್ಲಿ ಮಂಡಿಯೂರಿ ಕುಳಿತಿದ್ದ ವ್ಯಾಸರಾಜನ ಬೆನ್ನನ್ನೇ ಅವನ ಹೆಂಡತಿ ಇಂದು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮದುವೆಯಾಗಿ ಮೈಸೂರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗಂಡನ ಕಿವಿಯ ಹಿಂದಿನ ಮಚ್ಚೆ ಪರಿಚಯವಾಗಿತ್ತು. ಅವನ ಸಿಟ್ಟು ಆಗಿರಲಿಲ್ಲ. ಅದೇ ಅವಳ ಭಯ.

"ಕದ್ದು ಯಾಕೆ ನೋಡ್ತೀಯ? ಒಳಗೇ ಬಾ," ಎಂದ, ತಿರುಗದೆಯೇ.

ಅವಳ ಕೆನ್ನೆ ಬಿಸಿಯಾಯಿತು. "ನಾನು ಫರ್ನೇಸ್ ನೋಡ್ತಿದ್ದೆ."

"ಹೌದೌದು. ಪುಣ್ಯ ಮಾಡಿದೆ ಫರ್ನೇಸು!"

"ಏನಾಗಿದೆ ರೀ ಅದಕ್ಕೆ?"

"ಪ್ರೆಷರ್ ಸ್ವಿಚ್ಚು ಕೈಕೊಟ್ಟಿದೆ. ಈ ಎರಡು ವೈರು ನೇರ ಸೇರಿಸಿಬಿಟ್ರೆ ಆಯ್ತು. ಸೋಮವಾರ ಹೊಸದು ತಂದು ಹಾಕ್ತೀನಿ."

"ಆ ಸ್ವಿಚ್ಚು ಏನ್ಮಾಡತ್ತೆ?"

"ಹೊಗೆ ಪೈಪಿಂದ ಸರಿಯಾಗಿ ಹೊರಗೆ ಹೋಗ್ತಿದ್ರೇನೇ ಗ್ಯಾಸ್ ಹತ್ತಕ್ಕೆ ಬಿಡತ್ತೆ."

"ಹೋಗದೇ ಇದ್ರೆ?"

"ಆ ವಿಷ ಮನೆಯೊಳಗೇ ತುಂಬ್ಕೊಳತ್ತೆ. ವಾಸನೇನೂ ಬರಲ್ಲ. ಮಲಗಿದವರು ಏಳಲ್ಲ."

ಇಂದುವಿಗೆ ಹಿತ್ತಲ ಪೈಪು ನೆನಪಾಯಿತು. ಈ ಚಳಿಯಲ್ಲಿ ದೋಸೆ ಹಿಟ್ಟು ಉಬ್ಬದೆ ಎರಡು ಸಲ ಗುಟ್ಟಾಗಿ ಚೆಲ್ಲಿದ್ದಳು. ಅಮ್ಮನನ್ನು ಕೇಳೋಣವೆಂದರೆ ಟ್ರಂಕ್ ಕಾಲ್ ಸಿಗುವುದೇ ಕಷ್ಟ. ಹಿತ್ತಲ ಗೋಡೆಯ ಬಿಳಿ ಪೈಪಿನ ಬಾಯಿಂದ ಬೆಚ್ಚನೆಯ ಹಬೆ ಬರುವುದನ್ನು ಕಂಡು, ನಿನ್ನೆ ಸಂಜೆ ಹಿಟ್ಟಿನ ಪಾತ್ರೆಯನ್ನು ಅದಕ್ಕೇ ಒತ್ತಿಟ್ಟು, ಎರಡಕ್ಕೂ ಸೇರಿಸಿ ತನ್ನ ಶಾಲನ್ನು ಬಿಗಿಯಾಗಿ ಸುತ್ತಿದ್ದಳು. ಹೇಳಿದರೆ ಬೈಯುತ್ತಾನೆ. ಹೇಳದಿದ್ದರೆ?

ವ್ಯಾಸರಾಜ ತುಂಡು ವೈರೊಂದರ ತುದಿ ಹೆರೆದು ಕೈಯನ್ನು ಒಳಗೆ ಹಾಕಿದ.

"ಬೇಡ ರೀ!" ಓಡಿಹೋಗಿ ಅವನ ಮಣಿಕಟ್ಟು ಹಿಡಿದಳು. ತಾನಾಗಿ ಅವನನ್ನು ಮುಟ್ಟಿದ್ದು ಅದೇ ಮೊದಲು. "ಸ್ವಿಚ್ ಸರಿಯಾಗೇ ಇದೆ. ತಪ್ಪು ನಂದು." ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಅವನು ವೈರು ಕೆಳಗಿಟ್ಟು ಹಿತ್ತಲಿಗೆ ಹೋಗಿ, ಶಾಲು ಬಿಚ್ಚಿ, ಪಾತ್ರೆ ಎತ್ತಿಕೊಂಡು ಬಂದ. ಈ ಸಲ ಫ್ಯಾನು ತಿರುಗಿದ ಹಿಂದೆಯೇ ನೀಲಿ ಉರಿ ಹತ್ತಿತು. ಇಂದು ತಲೆ ತಗ್ಗಿಸಿ ನಿಂತಳು. ಆಗಲೇ ಅವನ ಕೈ ನಡುಗುತ್ತಿರುವುದು ಕಂಡಿತು.

"ಪೈಪ್ ಕೂಡ ನೋಡದೆ ವೈರ್ ಸೇರಿಸಕ್ಕೆ ಹೊರಟಿದ್ನಲ್ಲ," ಎಂದ. "ನಿಂಗೇನಾದ್ರೂ ಆಗಿದ್ದಿದ್ರೆ..."

"ಬೈಯಲ್ವಾ?"

"ಬೈತೀನಿ. ಇನ್ಮೇಲೆ ನಂಗೆ ಹೇಳಕ್ಕೆ ಹೆದರ್ಕೊಂಡ್ರೆ ಖಂಡಿತ ಬೈತೀನಿ. ದೋಸೆ ಯಾರಿಗೆ?"

"ನಿಮಗೇ. ಸೆಟ್ ದೋಸೆ ತಿಂದು ವರ್ಷಗಳಾಯ್ತು ಅಂದಿದ್ರಲ್ಲ."

ಅವನು ಮುಚ್ಚಳ ತೆಗೆದ. ಹಿಟ್ಟು ಒಂದಿಷ್ಟೂ ಉಬ್ಬಿರಲಿಲ್ಲ. ಇಬ್ಬರಿಗೂ ನಗು ಬಂತು. ಅವನು ಶಾಲು ಕೊಡವಿ ಅವಳ ಹೆಗಲಿಗೆ ಹೊದಿಸಿದ. ಇನ್ನೂ ನಡುಗುತ್ತಿದ್ದ ಆ ಕೈಯನ್ನು ಇಂದು ಎರಡೂ ಅಂಗೈಗಳ ನಡುವೆ ಹಿಡಿದಳು.

"ಉಬ್ಬಲಿ, ಕಾಯೋಣ," ಎಂದ ಅವನು. "ಅಲ್ಲೀವರೆಗೂ ಈ ಕೈ ಬಿಡ್ಬೇಡ."

ಅವಳು ಬಿಡಲಿಲ್ಲ.