ರೆಕ್ಕೆಯಡಿಯ ಮೂರು ಹಸಿರು ಚುಕ್ಕೆ

ಮಾರ್ಚ್ 11, ಸೋಮವಾರ, ಬೆಳಿಗ್ಗೆ 9.10. ಫರ್ಗಾನಾ ಕಣಿವೆಯ ಕುವಾ ಠಾಣೆಗೆ ಬಂದ ಜುಲ್ಖುಮೋರ್ ಎದುರಿಗಿದ್ದ ಕುರ್ಚಿಯಲ್ಲಿ ಕೂರಲೂ ಇಲ್ಲ. ಆಕೆ ಊರಾಚೆಯ ಕೋಳಿ ಸಂಶೋಧನಾ ಕೇಂದ್ರದ ಪಶುವೈದ್ಯೆ.

“ನನ್ನ ಇಪ್ಪತ್ತೆರಡು ಕೋಳಿ ಬದಲಾಗಿವೆ.”

“ಕಳುವಾಗಿವೆಯಾ?” ಇನ್‌ಸ್ಪೆಕ್ಟರ್ ಹೊಶಿಮ್ ಕೇಳಿದರು.

“ಕಳುವಲ್ಲ, ಬದಲು. ಶುಕ್ರವಾರ ಏದುಸಿರು ಬಿಡ್ತಾ ಬಿದ್ದಿದ್ವು. ಇವತ್ತು ಹಾರಾಡ್ತಿವೆ. ಕಾಲಿನ ಉಂಗುರದ ನಂಬರು ಅದೇ, ಕೋಳಿ ಬೇರೆ.”

ಕಾನ್‌ಸ್ಟೆಬಲ್ ಮಮಾಯುಸುಪ್ ನಕ್ಕುಬಿಟ್ಟ. “ಹುಷಾರಾಗಿರ್ಬೇಕು ಬಿಡಕ್ಕ, ಖುಷಿಪಡಿ.”

“ನಮ್ಮ ಉಪನಿರ್ದೇಶಕರೂ ಇದನ್ನೇ ಅಂದ್ರು!” ಆಕೆ ಮೇಜು ಗುದ್ದಿದಳು. “ಹತ್ತಿಕಾಳಿನ ಹಿಂಡಿ ಬೆರೆಸಿದ ಹೊಸ ಮೇವು ಅದು. ಆರು ವಾರ ತಿಂದು ಹೃದಯವೇ ಕೆಟ್ಟಿತ್ತು ಅವಕ್ಕೆ. ಈ ಗುರುವಾರ ‘ಮೇವಿನಿಂದ ಅಪಾಯವಿಲ್ಲ’ ಅಂತ ನಾನು ಸಹಿ ಹಾಕ್ಬೇಕಂತೆ. ಶನಿವಾರ ನಾನೂರು ಮನೆಗೆ ಮೂಟೆ ಹೋಗತ್ತೆ. ಮೊಟ್ಟೆ ಮಾರಿ ಬದುಕೋ ಹೆಂಗಸರ ಮನೆಗೆ!”

ಹೊಶಿಮ್ ಕಾನ್‌ಸ್ಟೆಬಲ್‌ನತ್ತ ತಿರುಗಿದರು. “ಹಲ್ಲು ಕಿರಿದಿದ್ದು ಸಾಕು. ಎಫ್‌ಐಆರ್ ಬರಿ.”

11.30ಕ್ಕೆ ಕೇಂದ್ರದ ಮೂರನೇ ಶೆಡ್ಡಿನಲ್ಲಿ ಪಂಚನಾಮೆ ಶುರುವಾಯಿತು. ಉಪನಿರ್ದೇಶಕ ಇಕ್ರೋಮ್ ಬಾಗಿಲಲ್ಲಿ ನಿಂತು ಹಲ್ಲುಕಡ್ಡಿ ಆಡಿಸುತ್ತಿದ್ದ. “ಕೊಲೆ ಕೇಸುಗಳೆಲ್ಲ ಮುಗಿದ್ವಾ, ಹೊಶಿಮ್ ಅಕಾ?” ಎಂದು ಅಣ್ಣನನ್ನು ಕರೆದಂತೆ ಕೇಳಿದ. ಈ ಮನುಷ್ಯನ ಕೊಬ್ಬು ನೋಡಿ!

ನಮ್ಮ ಕಡೆ ಮನೆಮನೆಯ ಕೋಳಿ ಬೀದಿಯಲ್ಲಿ ಕಲೆತು ಹೋಗುತ್ತವೆ. ಅದಕ್ಕೇ ಗಾಯಕ್ಕೆ ಹಚ್ಚುವ ಹಸಿರು ಔಷಧಿಯಿಂದ ಪ್ರತಿ ಮನೆಯವರೂ ತಮ್ಮದೇ ಗುರುತು ಹಾಕುತ್ತಾರೆ, ಸಾಮಾನ್ಯವಾಗಿ ಬೆನ್ನಿಗೆ ಇಲ್ಲವೇ ಬಾಲಕ್ಕೆ. ಎಷ್ಟು ತಿಕ್ಕಿದರೂ ಅದು ಬೇಗ ಹೋಗುವುದಿಲ್ಲ. ಮಮಾಯುಸುಪ್ ಒಂದು ಕೋಳಿಯನ್ನು ಹಿಡಿದು, ಬೆನ್ನು ಬಾಲದಲ್ಲಿ ಗುರುತು ಕಾಣದೆ, ಎಡರೆಕ್ಕೆ ಎತ್ತಿದ. ಮೂರು ಹಸಿರು ಚುಕ್ಕೆ. ಇನ್ನೊಂದರಲ್ಲೂ ಮೂರು. ಇಪ್ಪತ್ತೆರಡರಲ್ಲೂ.

“ಅಕಾ, ಇದು ಸಓದತ್ ಖೋಲಾ ಗುರುತು! ಹೋದ ವರ್ಷ ಪಕ್ಕದ ಮನೆಯವರ ಜೊತೆ ಕೋಳಿ ಜಗಳ ಆಯ್ತಲ್ಲ, ಬಿಡಿಸಿದ್ದು ನಾನೇ. ಕಳ್ಳರಿಗೆ ಕಾಣಬಾರದು ಅಂತ ರೆಕ್ಕೆಯಡಿಗೇ ಹಾಕೋದು ಆಯಮ್ಮ.”

ಇಕ್ರೋಮ್‌ನ ಹಲ್ಲುಕಡ್ಡಿ ನಿಂತಿತು. ಊರೆಲ್ಲ ಖೋಲಾ, ಅಂದರೆ ಚಿಕ್ಕಮ್ಮ, ಎನ್ನುವ ಸಓದತ್ ಅವನ ಹೆಂಡತಿಯ ತಾಯಿ.

ಮಧ್ಯಾಹ್ನ 1.40, ಸಓದತ್ ಮನೆ.

“ಕೋಳಿ ಯಾರಿಗೆ ಕೊಟ್ರಿ, ಖೋಲಾ?” ಮಮಾಯುಸುಪ್ ಕೇಳಿದ.

“ಮೊನ್ನೆ ಶನಿವಾರ ಅಳಿಯ ಬಂದಿದ್ದ, ಮಗನೇ. ದೊಡ್ಡ ಅತಿಥಿಗಳು ಬರ್ತಾರೆ, ಇಪ್ಪತ್ತೆರಡು ಬಿಳಿ ಕೋಳಿ ಬೇಕು ಅಂದ. ಅತಿಥಿ ಅಂದ್ಮೇಲೆ ಇಲ್ಲ ಅನ್ನೋಕಾಗತ್ತಾ?”

ಮೂಲೆಯಲ್ಲಿ ಕೇಂದ್ರದ ಮುದ್ರೆಯ ಮೂಟೆಯಿತ್ತು.

“ಇದು?”

“ಜನವರಿಲಿ ಅವನೇ ಕೊಟ್ಟಿದ್ದು. ಒಳ್ಳೇ ಮೇವು ಅಂತ ಮರಿಗಳಿಗಷ್ಟೇ ಎತ್ತಿಟ್ಟಿದ್ದೆ. ಯಾಕೋ ಸಾಯ್ತಾನೇ ಇವೆ. ನನ್ನ ಕೈಗುಣವೇ ಸರಿಯಿಲ್ಲ.”

“ಶನಿವಾರ ಈ ಮೂಟೆ ಅವನ ಕಣ್ಣಿಗೆ ಬಿತ್ತಾ?”

“ಅದರ ಮೇಲೇ ಕೂತು ಚಾ ಕುಡಿದ.”

ಮಮಾಯುಸುಪ್‌ನಿಗೆ ಮೈಯೆಲ್ಲ ಉರಿದುಹೋಯಿತು. ವಿಷವೆಂದು ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ, ಪಾಪಿ!

3.15ಕ್ಕೆ ಶೆಡ್ಡಿನ ಹಿಂದೆ ಸತ್ತ ಕೋಳಿ ಹೂಳುವ ಸುಣ್ಣದ ಗುಂಡಿ ಅಗೆಸಿದರು. ಕತ್ತು ತಿರುಚಿದ ಇಪ್ಪತ್ತೆರಡು ಕೋಳಿ ಸಿಕ್ಕವು. ಜುಲ್ಖುಮೋರ್ ಅಲ್ಲೇ ಒಂದನ್ನು ಸೀಳಿ, ಊದಿದ ಹೃದಯವನ್ನು ಪಂಚರಿಗೆ ತೋರಿಸಿದಳು. ಹೊಶಿಮ್ ಮೇವಿನ ಗೋದಾಮಿಗೆ ಬೀಗ ಜಡಿದು ಮೊಹರು ಹಾಕಿಸಿದರು. 4.05ಕ್ಕೆ ಇಕ್ರೋಮ್‌ನ ಬಂಧನವಾಯಿತು. ತನ್ನ ಕೋಣೆಯ ಗೋಡೆಯಲ್ಲಿ ತೂಗಿದ್ದ ಚಪಾನ್ ಎಂಬ ಪಟ್ಟೆ ನಿಲುವಂಗಿಯನ್ನು ತೊಟ್ಟೇ ಅವನು ಜೀಪು ಹತ್ತಿದ.

“ಯಾಕೆ ಮಾಡಿದೆ?” ಠಾಣೆಯಲ್ಲಿ ಹೊಶಿಮ್ ಕೇಳಿದರು.

“ಜನವರಿಲಿ ಹೊಸ ಮೇವು ಕಂಡುಹಿಡಿದೆ ಅಂತ ಹಿರಿಯರೆಲ್ಲ ಸೇರಿ ಸನ್ಮಾನ ಮಾಡಿ ಈ ಚಪಾನ್ ಹೊದಿಸಿದ್ರು. ಊರೆಲ್ಲ ಆಮೀನ್ ಅಂತು.”

“ಆಗ ಪರೀಕ್ಷೆ ಮುಗಿದಿತ್ತಾ?”

“ಶುರುವೇ ಆಗಿರ್ಲಿಲ್ಲ.” ಅವನು ತಲೆ ತಗ್ಗಿಸಿದ. “ಹಿರಿಯರು ಹೊದಿಸಿದ್ದನ್ನ ವಾಪಸ್ ಹೇಗೆ ಕೊಡ್ಲಿ, ಅಕಾ? ಮಾನದ ಪ್ರಶ್ನೆ.”

“ನಾನೂರು ಹೆಂಗಸರ ಬಾಳಿಗಿಂತ ನಿನ್ನ ಮಾನ ಹೆಚ್ಚೇನೋ?” ಹೊಶಿಮ್ ಗುಡುಗಿದರು.

ಅಷ್ಟರಲ್ಲಿ ಸಓದತ್ ಒಳಗೆ ಬಂದಳು. ಆ ಚಪಾನ್ ಹೊಲಿದವಳು ಅವಳೇ.

“ಬಿಚ್ಚು,” ಎಂದಳು.

ಅವನು ಬಿಚ್ಚಿಕೊಟ್ಟ.

ಮಾರನೆಯ ದಿನ 10.20ಕ್ಕೆ ಮಮಾಯುಸುಪ್ ಹೇಳಿಕೆಗೆ ಸಹಿ ಪಡೆಯಲು ಅವಳ ಮನೆಗೆ ಹೋದ. ಒಲೆಯ ಪಕ್ಕದ ಬುಟ್ಟಿಯಲ್ಲಿ ಚಪಾನ್ ಮಡಚಿ ಹಾಸಿತ್ತು. ಅದರ ಮೇಲೆ ಹದಿಮೂರು ಮರಿ ಮಲಗಿದ್ದವು. ನಾಲ್ಕು ಇನ್ನೂ ಉಸಿರಾಡುತ್ತಿದ್ದವು.